ಹುಡುಕುವ ಹೊತ್ತಿಗೆ ಕೂಲಿಯಿಲ್ಲ

ಅಮೆರಿಕದ ಅನೇಕ ಕಾರ್ ಡೀಲರ್‌ಶಿಪ್‌ಗಳಲ್ಲಿ ಮೆಕ್ಯಾನಿಕ್‌ಗೆ ಕೂಲಿ ಸಿಗುವುದು ಗಡಿಯಾರ ನೋಡಿ ಅಲ್ಲ, ಪುಸ್ತಕ ನೋಡಿ. ಯಾವ ರಿಪೇರಿಗೆ ಎಷ್ಟು ಗಂಟೆ ಎಂದು ಕಾರು ತಯಾರಕರೋ ಲೇಬರ್ ಗೈಡ್ ಪ್ರಕಟಿಸುವವರೋ ಮೊದಲೇ ಬರೆದಿಟ್ಟಿರುತ್ತಾರೆ. ಎರಡು ಗಂಟೆಯ ಕೆಲಸವನ್ನು ಒಂದೇ ಗಂಟೆಯಲ್ಲಿ ಮುಗಿಸಿದರೂ ಎರಡು ಗಂಟೆಯ ಕೂಲಿ. ತುಕ್ಕು ಹಿಡಿದ ಬೋಲ್ಟ್ ಮುರಿದು ನಾಲ್ಕು ಗಂಟೆ ಹಿಡಿದರೂ ಅಷ್ಟೇ. ಈ ಫ್ಲಾಟ್ ರೇಟ್ ಪದ್ಧತಿ ಕೈಚಳಕಕ್ಕೆ ಬೆಲೆ ಕಟ್ಟುತ್ತದೆ, ನಿಜ. ಆದರೆ ಯೋಚನೆಗೆ ಕಟ್ಟುವುದಿಲ್ಲ. ಬ್ರೇಕ್ ಪ್ಯಾಡ್ ಬದಲಿಸಲು ಇಷ್ಟೇ ಹೊತ್ತು ಎನ್ನಬಹುದು. ಮಳೆಯಲ್ಲಿ ಮಾತ್ರ ನಿಂತುಹೋಗುವ ಗಾಡಿಯ ವೈರಿಂಗ್ ದೋಷ ಹುಡುಕಲು ಯಾವ ಪುಸ್ತಕ ಹೊತ್ತು ಹೇಳೀತು? ವಾರಂಟಿ ಕೆಲಸದಲ್ಲಿ ಹಣ ಕೊಡುವವರೂ ಹೊತ್ತು ಗೊತ್ತುಮಾಡುವವರೂ ತಯಾರಕರೇ ಆದ್ದರಿಂದ ಅಲ್ಲಿನ ಗಂಟೆಗಳು ಇನ್ನೂ ಬಿಗಿ. ಬಿಡಿಸಲಾಗದ ಗಾಡಿಗಳೆಲ್ಲ ಚೆನ್ನಾಗಿ ಬಲ್ಲವನ ಪಾಲಿಗೇ ಬರುವುದರಿಂದ, ಬಲ್ಲವನೇ ನಷ್ಟಕ್ಕೆ ಗುರಿಯಾಗುತ್ತಾನೆ.

ಪದ್ಧತಿಯ ಪರ ವಾದಿಸುವವರ ಕೈಯಲ್ಲಿ ಗಟ್ಟಿ ಪುರಾವೆಯೊಂದಿದೆ. ಕಾರಿನ ಗಾಜು ಕೂರಿಸುವ ಸೇಫ್‌ಲೈಟ್ ಕಂಪನಿ ಗಂಟೆಗೂಲಿ ಬಿಟ್ಟು ಗಾಜಿಗಿಷ್ಟು ಎಂದು ಕೊಡತೊಡಗಿದಾಗ ತಲಾ ಕೆಲಸ ಸುಮಾರು ಶೇ. 44ರಷ್ಟು ಹೆಚ್ಚಿತೆಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ 2000ರಲ್ಲಿ ತೋರಿಸಿದರು. ಆ ಅಧ್ಯಯನವನ್ನು ಪೂರ್ತಿ ಓದಬೇಕು. ಅಲ್ಲಿ ಕೆಲಸ ಕಡಿಮೆಯಾದರೂ ಕೈತಪ್ಪದ ಕನಿಷ್ಠ ಗಂಟೆಗೂಲಿ ಇತ್ತು. ಗಾಜು ಒಡೆದರೆ ತಪ್ಪು ಯಾರದೆಂದು ತಿಳಿಯುತ್ತಿತ್ತು, ಕೂರಿಸಿದವನೇ ಮತ್ತೆ ಕೂರಿಸಬೇಕಿತ್ತು. ಎಂಜಿನ್ ರಿಪೇರಿಯ ತಪ್ಪು ತಿಂಗಳುಗಟ್ಟಲೆ ಅಡಗಿರಬಲ್ಲದು. ಅವಸರಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ದೋಷ ಹುಡುಕಿದರೆ ಕಾಸಿಲ್ಲ, ಬಿಡಿಭಾಗ ಬದಲಿಸಿದರೆ ಕಾಸಿದೆ ಎಂದಾಗ ಕೈ ಎತ್ತ ಹೋದೀತು? 1992ರಲ್ಲಿ ಸಿಯರ್ಸ್ ಆಟೋ ಸೆಂಟರ್‌ಗಳು ಬೇಡದ ರಿಪೇರಿ ಮಾರುತ್ತಿವೆಯೆಂದು ಕ್ಯಾಲಿಫೋರ್ನಿಯಾ ಸರ್ಕಾರ ಆರೋಪಿಸಿದ ಮೇಲೆ, ಸರ್ವಿಸ್ ಸಲಹೆಗಾರರಿಗೆ ಕೊಡುತ್ತಿದ್ದ ಕಮಿಷನ್ನನ್ನು ಆ ಕಂಪನಿಯೇ ಕೈಬಿಟ್ಟಿತು.

ಗಂಟೆಗೂಲಿ ಕೊಟ್ಟರೆ ನಿಧಾನಸ್ಥನ ಹೊರೆಯನ್ನು ಗ್ರಾಹಕ ಹೊರಬೇಕಾಗುತ್ತದೆ ಎಂಬ ಆಕ್ಷೇಪ ಸಣ್ಣದಲ್ಲ. ಖರ್ಚೆಷ್ಟೆಂದು ಮುಂಚೆಯೇ ತಿಳಿಯುವುದು ಗ್ರಾಹಕನಿಗೆ ದೊಡ್ಡ ಅನುಕೂಲವೇ. ಆದರೆ ಗ್ರಾಹಕನ ಬಿಲ್ಲನ್ನೂ ಕೆಲಸಗಾರನ ಕೂಲಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕಿಲ್ಲ. ಬಿಲ್ಲು ಪುಸ್ತಕದಂತೆಯೇ ಇರಲಿ; ಏರುಪೇರನ್ನು ನೂರಾರು ಗಾಡಿಗಳ ಮೇಲೆ ಹಂಚಿಕೊಳ್ಳುವ ಶಕ್ತಿ ಇರುವುದು ಮಾಲೀಕನಿಗೆ, ಸ್ವಂತ ದುಡ್ಡಿನಲ್ಲಿ ಸ್ಪ್ಯಾನರ್ ಕೊಂಡ ಮೆಕ್ಯಾನಿಕ್‌ಗಲ್ಲ. ಗಾಡಿಗಾಗಿ ಕಾದು ಕೂತ ಹೊತ್ತಿಗೂ ಪ್ರತ್ಯೇಕ ಕೂಲಿ ಕೊಡಬೇಕೆಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಹೇಳಿತು, 2016ರಿಂದ ಅದಕ್ಕೆ ಕಾನೂನಿನ ಬಲವೂ ಬಂತು. ದೇಶದ ಓವರ್‌ಟೈಮ್ ಕಾನೂನು ಮಾತ್ರ ಡೀಲರ್‌ಶಿಪ್ ಮೆಕ್ಯಾನಿಕ್‌ಗಳನ್ನು ಇಂದಿಗೂ ಹೊರಗೇ ಇಟ್ಟಿದೆ. ಕಾಯುವ ಹೊತ್ತು ಲೆಕ್ಕಕ್ಕೆ ಬರುವುದಾದರೆ, ಬಾನೆಟ್ ಎತ್ತಿ ಮೀಟರ್ ಹಿಡಿದು ನಿಂತ ಹೊತ್ತು ಪೂರ್ತಿಯಾಗಿ ಲೆಕ್ಕಕ್ಕೆ ಬರಲೇಬೇಕು.