ಬರ್ಡ್ಸ್ ಗಿಟಾರು: ನೆನಪಿನಲ್ಲಿ ಉಳಿದದ್ದು, ಕೈತಪ್ಪಿದ್ದು

ಬರ್ಡ್ಸ್ ತಂಡದ ಅಭಿಮಾನಿಗಳಲ್ಲಿ ಹಾಡಿನ ಸಾಲನ್ನು ನೆನೆಯುವವರು ಕಡಿಮೆ. ಅವರಿಗೆ ಮೊದಲು ನೆನಪಾಗುವುದು ಗಿಟಾರು. 1965ರ ಏಪ್ರಿಲ್‌ನಲ್ಲಿ ಹೊರಬಂದು ಆ ಬೇಸಿಗೆಯಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿದ ‘ಮಿಸ್ಟರ್ ಟ್ಯಾಂಬೊರೀನ್ ಮ್ಯಾನ್’ ಹಾಡಿನ ಆರಂಭದ ಕೆಲವು ಸೆಕೆಂಡುಗಳಲ್ಲಿ ಕೇಳುವ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರಿನ ಕಿಣಿಕಿಣಿ ಅದು. ಕಾರಿನ ರೇಡಿಯೊದಲ್ಲಿ ಅದನ್ನು ಮೊದಲ ಸಲ ಕೇಳಿದಾಗ ತಾವು ಯಾವ ರಸ್ತೆಯಲ್ಲಿದ್ದೆವು ಎಂದು ಇಂದಿಗೂ ಹೇಳುವವರು ಆ ತಲೆಮಾರಿನಲ್ಲಿದ್ದಾರೆ. ಹದಿಹರೆಯದಲ್ಲಿ ಆ ನಾದದ ಹಿಂದೆ ಬಿದ್ದು, ಮುದಿವಯಸ್ಸಿನಲ್ಲಿ ದುಡ್ಡು ಕೂಡಿಸಿ ಅದೇ ಗಿಟಾರು ಕೊಂಡವರೂ ಇದ್ದಾರೆ.

ಈ ಅಭಿಮಾನದ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಅದರ ಕಿವಿಯ ಬಗ್ಗೆ ತಕರಾರಿದೆ. ಫೋಕ್ ರಾಕ್ ಎಂಬ ಪಂಥದ ಮೂಲಪುರುಷರೆಂದು ಬರ್ಡ್ಸ್ ತಂಡವನ್ನು ಕೊಂಡಾಡುವವರು ಅಲ್ಲಿನ ಜನಪದವನ್ನು ಹಾಡುಗಳಲ್ಲಿ ಹುಡುಕುತ್ತಾರೆ, ರಾಕ್ ಅನ್ನು ಗಿಟಾರಿನಲ್ಲಿ ಕಾಣುತ್ತಾರೆ. ನಿಜ ಬಹಳ ಮಟ್ಟಿಗೆ ತಿರುವುಮುರುವಾಗಿದೆ. ಅವರ ಹಾಡುಗಳು ಪಾಪ್ ಕಸುಬಿನವು. ಜನಪದ ಉಳಿದಿದ್ದದ್ದು ತಂಡದ ಗಿಟಾರು ವಾದಕ ರೋಜರ್ ಮೆಕ್‌ಗ್ವಿನ್ ಬಲಗೈಯಲ್ಲಿ.

ಎಲ್ಲರೂ ಹೇಳುವ ಕಥೆ ಇದು. 1964ರಲ್ಲಿ ಬೀಟಲ್ಸ್ ಅಭಿನಯದ ‘ಎ ಹಾರ್ಡ್ ಡೇಸ್ ನೈಟ್’ ಚಿತ್ರ ಬಂತು. ಜಾರ್ಜ್ ಹ್ಯಾರಿಸನ್ ಕೈಯಲ್ಲಿದ್ದ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಕಂಡ ಮೆಕ್‌ಗ್ವಿನ್ (ಆಗಿನ್ನೂ ಅವರ ಹೆಸರು ಜಿಮ್, ರೋಜರ್ ಆದದ್ದು 1967ರಲ್ಲಿ) ಅಂಥದ್ದೇ ಒಂದನ್ನು ಕೊಂಡರು, ಲಾಸ್ ಏಂಜಲಿಸ್‌ನಲ್ಲಿ ಫೋಕ್ ರಾಕ್ ಹುಟ್ಟಿತು. ಕಥೆ ಸುಳ್ಳಲ್ಲ, ಆದರೆ ನಡುವಿನಿಂದ ಶುರುವಾಗುತ್ತದೆ. ಮೆಕ್‌ಗ್ವಿನ್ ಷಿಕಾಗೊದ ಹುಡುಗ. 1957ರಲ್ಲಿ ಅಲ್ಲಿ ಆರಂಭವಾದ ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್‌ನಲ್ಲಿ ಫ್ರಾಂಕ್ ಹ್ಯಾಮಿಲ್ಟನ್ ಅವರ ಕೈಕೆಳಗೆ ಐದು ತಂತಿಯ ಬ್ಯಾಂಜೋ ಮತ್ತು ಹನ್ನೆರಡು ತಂತಿಯ ಅಕೂಸ್ಟಿಕ್ ಗಿಟಾರು ಕಲಿತವರು. ಹನ್ನೆರಡು ತಂತಿ ಹ್ಯಾರಿಸನ್‌ಗಿಂತ ಎಷ್ಟೋ ಮೊದಲು ಜನಪದ ಗಾಯಕರ ವಾದ್ಯವಾಗಿತ್ತು. ಅಮೆರಿಕದ ದಕ್ಷಿಣದ ಜೈಲುಗಳಲ್ಲಿ ವರ್ಷಗಳನ್ನು ಕಳೆದ ಲೆಡ್ ಬೆಲ್ಲಿ ಅದನ್ನು ಗುಡುಗಿನಂತೆ ನುಡಿಸುತ್ತಿದ್ದರು; ಅವರಿಂದ ಪೀಟ್ ಸೀಗರ್ ಕೈಗೆ ಬಂತು. ಬೀಟಲ್ಸ್ ಚಿತ್ರ ಮೆಕ್‌ಗ್ವಿನ್‌ಗೆ ತೋರಿಸಿಕೊಟ್ಟದ್ದು ತಾವು ಆಗಲೇ ಬಲ್ಲ ವಾದ್ಯಕ್ಕೆ ವಿದ್ಯುತ್ತಿನ ಸಂಪರ್ಕವನ್ನಷ್ಟೇ.

ಆ ತಂಡದಲ್ಲಿ ಹುಟ್ಟಾ ರಾಕ್ ವಾದಕ ಒಬ್ಬನೂ ಇರಲಿಲ್ಲ. ಬಾಸ್ ಹಿಡಿದ ಕ್ರಿಸ್ ಹಿಲ್‌ಮನ್ ಬ್ಲೂಗ್ರಾಸ್ ತಂಡಗಳಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದವರು. ಜೀನ್ ಕ್ಲಾರ್ಕ್, ಡೇವಿಡ್ ಕ್ರಾಸ್ಬಿ ಇಬ್ಬರೂ ಜನಪದ ಗಾಯನದ ಕಾಫಿಹೌಸ್‌ಗಳಿಂದ ಬಂದವರು. ಡ್ರಮ್ಮಿಗೆ ಕೂತ ಮೈಕಲ್ ಕ್ಲಾರ್ಕ್ ಡ್ರಮ್ ಕಲಿತದ್ದೇ ತಂಡ ಸೇರಿದ ಮೇಲೆ ಎನ್ನಬೇಕು.

ಇನ್ನು ವಾದ್ಯದ ಮಾತು. ಹನ್ನೆರಡು ತಂತಿಗಳೆಂದರೆ ಆರು ಜೋಡಿ. ಕೆಳಸ್ವರದ ನಾಲ್ಕು ಜೋಡಿಗಳಲ್ಲಿ ಎರಡನೆಯ ತಂತಿ ಒಂದು ಸ್ಥಾಯಿ ಮೇಲಿರುತ್ತದೆ; ಉಳಿದೆರಡು ಜೋಡಿಗಳು ಒಂದೇ ಶ್ರುತಿಯವು. ಒಂದೇ ಶ್ರುತಿಯ ಎರಡು ತಂತಿಗಳೂ ಕೂದಲೆಳೆಯಷ್ಟು ಬೇರೆಯಾಗಿ ಮಿಡಿಯುವುದರಿಂದ ನಾದಕ್ಕೆ ಒಂದು ನಡುಕ, ಒಂದು ಹೊಳಪು ಬರುತ್ತದೆ. ತಂಬೂರಿಯ ಝೇಂಕಾರ ಕೇಳಿ ಬೆಳೆದ ನಮ್ಮ ಕಿವಿಗೆ ಇದರ ರುಚಿ ಹೊಸದಲ್ಲ. ಸಾಮಾನ್ಯ ಹನ್ನೆರಡು ತಂತಿಯ ಗಿಟಾರಿನಲ್ಲಿ ಕೈ ಕೆಳಕ್ಕೆ ಮೀಟಿದಾಗ ಮೊದಲು ಸಿಗುವುದು ಮೇಲಿನ ಸ್ಥಾಯಿಯ ತಂತಿ. ರಿಕನ್‌ಬ್ಯಾಕರ್ ಈ ಕ್ರಮವನ್ನು ತಿರುಗಿಸಿ ದಪ್ಪ ತಂತಿಯನ್ನು ಮುಂದಿಟ್ಟಿತು. ಕೇಳಲು ಸಣ್ಣ ವಿಷಯ, ಆದರೆ ಸ್ವರಕ್ಕೆ ಮೊದಲು ಮೈ ಬಂದು ಆಮೇಲೆ ಮಿಂಚು ಬರುವುದು ಇದರಿಂದಲೇ.

ಇಷ್ಟಾದರೂ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದ ಮಾತ್ರಕ್ಕೆ ಬರ್ಡ್ಸ್ ನಾದ ಹುಟ್ಟುವುದಿಲ್ಲ. ಆ ಗಿಟಾರಿನ ಸ್ವರ ಮೀಟಿದ ಕೂಡಲೇ ಟಪ್ಪೆಂದು ಅಡಗಿಬಿಡುತ್ತದೆ. ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೊದಲ್ಲಿ ಅದಕ್ಕೆ ಹಚ್ಚಿದ್ದು ಕಂಪ್ರೆಸರ್ ಎಂಬ ಯಂತ್ರ, ಅದೂ ಒಂದರ ಮೇಲೊಂದು. ಜೋರು ಸ್ವರವನ್ನು ತಗ್ಗಿಸಿ, ಅಡಗುವ ಸ್ವರವನ್ನು ಎತ್ತಿಹಿಡಿದು, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಯಂತ್ರವದು. ಸ್ವರ ಉದ್ದವಾಯಿತು, ಎಎಂ ರೇಡಿಯೊದ ಚಿಕ್ಕ ಸ್ಪೀಕರನ್ನೂ ತೂರಿ ಬಂತು. ಅಭಿಮಾನಿಗಳು ಕಾರಿನಲ್ಲಿ ಕೇಳಿದ ನಾದದಲ್ಲಿ ಗಿಟಾರಿನ ಪಾಲು ಎಷ್ಟೋ ಧ್ವನಿಮುದ್ರಣದ ಎಂಜಿನಿಯರನ ಪಾಲೂ ಅಷ್ಟೇ.

ಇದಕ್ಕೆ ಸಾಕ್ಷಿ ಬೇಕೆಂದರೆ ವೇದಿಕೆಯ ನೆನಪುಗಳನ್ನು ಕೇಳಬೇಕು. 1965ರ ಆಗಸ್ಟ್‌ನಲ್ಲಿ ‘ಬೀಟಲ್ಸ್‌ಗೆ ಅಮೆರಿಕದ ಉತ್ತರ’ ಎಂಬ ಪ್ರಚಾರದೊಂದಿಗೆ ಬ್ರಿಟನ್‌ಗೆ ಹೋದ ತಂಡ ಅಲ್ಲಿನ ಪತ್ರಿಕೆಗಳಿಂದ ಸರಿಯಾಗಿ ಬೈಸಿಕೊಂಡಿತು. ಮೊದಲ ಸಿಂಗಲ್‌ನ ಧ್ವನಿಮುದ್ರಣದಲ್ಲಿ ವಾದ್ಯ ನುಡಿಸಿದ್ದ ಬರ್ಡ್ಸ್ ಸದಸ್ಯ ಮೆಕ್‌ಗ್ವಿನ್ ಒಬ್ಬರೇ. ಡ್ರಮ್ ಹಾಲ್ ಬ್ಲೇನ್ ಅವರದು, ಬಾಸ್ ಲ್ಯಾರಿ ನೆಕ್ಟಲ್ ಅವರದು. ನಿರ್ಮಾಪಕ ಟೆರ್ರಿ ಮೆಲ್ಚರ್ ಬಾಡಿಗೆ ವಾದಕರನ್ನು ತಂದು ಕೂರಿಸಿದ್ದರು. ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಗಿನ ಲಾಸ್ ಏಂಜಲಿಸ್‌ನಲ್ಲಿ ಅದು ದಿನನಿತ್ಯದ ಪದ್ಧತಿ. ಮೊದಲ ಎಲ್‌ಪಿಯ ಉಳಿದ ಹಾಡುಗಳನ್ನು ತಂಡವೇ ನುಡಿಸಿತು.

ಬಲಗೈಗೆ ಬರೋಣ. ಮೆಕ್‌ಗ್ವಿನ್ ಹೆಬ್ಬೆರಳು ತೋರುಬೆರಳುಗಳ ನಡುವೆ ಚಪ್ಪಟೆ ಪಿಕ್ ಹಿಡಿದು, ಮಧ್ಯದ ಬೆರಳಿಗೂ ಉಂಗುರದ ಬೆರಳಿಗೂ ಲೋಹದ ಪಿಕ್ ತೊಟ್ಟು ನುಡಿಸುತ್ತಾರೆ. ಬ್ಯಾಂಜೋದಲ್ಲಿ ಮೂರು ಬೆರಳುಗಳು ಸರದಿಯಂತೆ ತಂತಿಗಳ ಮೇಲೆ ಉರುಳುವ ಕ್ರಮವನ್ನು ಗಿಟಾರಿಗೆ ಹೊರಳಿಸಿಕೊಂಡ ರೀತಿ ಇದು. ಹೀಗೆ ನುಡಿಸಿದಾಗ ಸ್ವರಗಳು ಗುಂಪಾಗಿ ಬೀಳುವುದಿಲ್ಲ, ಒಂದೊಂದಾಗಿ ಸುರಿಯುತ್ತವೆ; ಒಂದು ಅಡಗುವ ಮೊದಲೇ ಇನ್ನೊಂದು ಬಂದು ಸೇರುತ್ತದೆ. ಅಪಲೇಷಿಯಾ ಬೆಟ್ಟಗಳ ಜಗಲಿಗಳಲ್ಲಿ ಕುಣಿತಕ್ಕೆ ನುಡಿಸುತ್ತಿದ್ದ ಕೈಚಳಕ ಪಾಪ್ ಹಾಡಿನೊಳಗೆ ಸದ್ದಿಲ್ಲದೆ ಹೊಕ್ಕಿತು. ‘ಟ್ಯಾಂಬೊರೀನ್ ಮ್ಯಾನ್’ ಆರಂಭದ ಎಳೆಗೆ ಬಾಖ್‌ನ ಒಂದು ರಚನೆಯೇ ಪ್ರೇರಣೆ ಎಂದು ಮೆಕ್‌ಗ್ವಿನ್ ಹೇಳಿದ್ದಾರೆ. ಸ್ವರ ಬಾಖ್‌ನದಿರಬಹುದು, ಮೀಟುವ ಕೈ ಮಾತ್ರ ಬ್ಯಾಂಜೋದವನದು.

ಹಾಡುಗಳ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಬಾಬ್ ಡಿಲನ್ ಬರೆದ ‘ಟ್ಯಾಂಬೊರೀನ್ ಮ್ಯಾನ್’ನ ನಾಲ್ಕು ಚರಣಗಳಲ್ಲಿ ಬರ್ಡ್ಸ್ ಉಳಿಸಿಕೊಂಡದ್ದು ಒಂದನ್ನು. ರೇಡಿಯೊಗೆ ಎರಡೂವರೆ ನಿಮಿಷ ಸಾಕಿತ್ತು. ಅಲ್ಲಿ ನಷ್ಟ ಹೆಚ್ಚಿಲ್ಲ. ‘ದ ಬೆಲ್ಸ್ ಆಫ್ ರಿಮ್ನಿ’ಯದು ಬೇರೆ ಕಥೆ. ವೇಲ್ಸ್‌ನ ಕವಿ ಐಡ್ರಿಸ್ ಡೇವಿಸ್ ಸ್ವತಃ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. 1926ರ ಮುಷ್ಕರ ಸೋತ ಮೇಲಿನ ಸಿಟ್ಟು, ಹಸಿವು ಅವರ ಕವಿತೆಯಲ್ಲಿದೆ. ಸೀಗರ್ ಅದಕ್ಕೆ ರಾಗ ಹಾಕಿ ಹನ್ನೆರಡು ತಂತಿಯ ಗಿಟಾರಿನೊಂದಿಗೇ ಹಾಡಿದರು. ಅಲ್ಲಿ ಗಂಟೆಗಳು ಯಜಮಾನರನ್ನು ಪ್ರಶ್ನಿಸುತ್ತವೆ. ಬರ್ಡ್ಸ್ ಕೈಯಲ್ಲಿ ಅದೇ ಗಂಟೆಗಳು ಮೋಹಕವಾಗುತ್ತವೆ. ಕ್ರಾಸ್ಬಿಯ ಮೇಲುಧ್ವನಿ ತೇಲಿಬರುತ್ತದೆ, ಗಿಟಾರು ಬೆಳ್ಳಗೆ ಹೊಳೆಯುತ್ತದೆ, ಗಣಿ ಕಾರ್ಮಿಕ ಎಲ್ಲೋ ಹಿಂದೆ ಉಳಿಯುತ್ತಾನೆ. ಮೊದಲ ಎಲ್‌ಪಿಯಲ್ಲಿ ನನಗೆ ಅತ್ಯಂತ ಇಷ್ಟದ ಹಾಡೂ ಇದೇ, ಅದರ ದೊಡ್ಡ ದೋಷ ಕಾಣುವುದೂ ಇಲ್ಲೇ. ಈ ಹಾಡಿನ ಗಿಟಾರಿನ ಎಳೆಯನ್ನು ಹ್ಯಾರಿಸನ್ ಅದೇ ವರ್ಷ ‘ಇಫ್ ಐ ನೀಡೆಡ್ ಸಮ್‌ಒನ್’ಗೆ ಬಳಸಿಕೊಂಡರು, ಹಾಗೆ ಬಳಸಿದ್ದನ್ನು ಮೆಕ್‌ಗ್ವಿನ್‌ಗೆ ತಿಳಿಸಿಯೂ ಕಳಿಸಿದರು. ಬೀಟಲ್ಸ್‌ನಿಂದ ಪಡೆದದ್ದು ಬೀಟಲ್ಸ್‌ಗೇ ಮರಳಿತು. ವೇಲ್ಸ್‌ನ ಗಣಿಗೆ ಮಾತ್ರ ಯಾರೂ ಮರಳಲಿಲ್ಲ.

ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ಜೊತೆ ಹೋಲಿಸಿದರೆ ಈ ದೋಷ ಎದ್ದು ಕಾಣುತ್ತದೆ. ಅಮೆರಿಕದ ಪಶ್ಚಿಮ ತೀರದ ಹಾಡುಗಳನ್ನು ಹಾಡುತ್ತಲೇ ಶುರುವಾದ ಆ ತಂಡ 1969ರ ‘ಲೀಜ್ ಅಂಡ್ ಲೀಫ್’ ಎಲ್‌ಪಿಯಲ್ಲಿ ಹಳೆಯ ಇಂಗ್ಲಿಷ್ ಕಥನಗೀತಗಳತ್ತ ತಿರುಗಿತು. ‘ಮ್ಯಾಟಿ ಗ್ರೋವ್ಸ್’ನ ಹಾದರ, ಕೊಲೆ ಎಲ್ಲವನ್ನೂ ಸ್ಯಾಂಡಿ ಡೆನ್ನಿ ಚರಣದ ಮೇಲೆ ಚರಣ ಹಾಡಿ ಮುಗಿಸುವವರೆಗೆ ರಿಚರ್ಡ್ ಥಾಮ್ಸನ್ ಗಿಟಾರು ಕಾಯುತ್ತದೆ. ಅಲ್ಲಿ ವಾದ್ಯ ಕಥೆಯ ಆಳು. ಬರ್ಡ್ಸ್‌ನಲ್ಲಿ ಕಥೆಯೇ ವಾದ್ಯದ ಆಳು.

ಹಾಗಾದರೆ ಮಾತಿನ ಹಂಗಿಲ್ಲದ ಕಡೆ ಬರ್ಡ್ಸ್ ಗಿಟಾರು ಎಲ್ಲಿಗೆ ಹೋಗಬಲ್ಲುದು? ‘ಎಯ್ಟ್ ಮೈಲ್ಸ್ ಹೈ’ ಅದಕ್ಕೆ ಉತ್ತರ. ಭಾರತದ ಹೆಸರು ಈ ಕಥೆಗೆ ಸೇರುವುದೂ ಇಲ್ಲೇ. 1965ರ ಕೊನೆಯಲ್ಲಿ ತಂಡ ಬಸ್ಸಿನಲ್ಲಿ ಊರೂರು ಸುತ್ತುವಾಗ ಕ್ಯಾಸೆಟ್‌ನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದದ್ದು ರವಿಶಂಕರ್ ಸಿತಾರ್ ಮತ್ತು ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್. ರವಿಶಂಕರ್ ಧ್ವನಿಮುದ್ರಿಕೆಗಳನ್ನು ಅಮೆರಿಕದಲ್ಲಿ ಹೊರತರುತ್ತಿದ್ದ ವರ್ಲ್ಡ್ ಪೆಸಿಫಿಕ್ ಸಂಸ್ಥೆಯ ಸ್ಟುಡಿಯೊದಲ್ಲೇ 1964ರಲ್ಲಿ ತಂಡದ ತಾಲೀಮು ನಡೆದಿತ್ತು. ಹೀಗಾಗಿ ಪರಿಚಯ ಹಳೆಯದು. ಹಾಡು ಬಂದ ಕೂಡಲೇ ‘ರಾಗ ರಾಕ್’ ಎಂಬ ಹಣೆಪಟ್ಟಿ ಬಿತ್ತು. ಪ್ರಚಾರಕ್ಕಾಗಿ ಪತ್ರಕರ್ತರ ಮುಂದೆ ಸಿತಾರ್ ಹಿಡಿದದ್ದೂ ಆಯಿತು. ಹಾಡಿನಲ್ಲಿ ಸಿತಾರ್ ಇಲ್ಲ. ರಾಗವೂ ಇಲ್ಲ. ಗಿಟಾರು ಎತ್ತಿಕೊಳ್ಳುವ ಮೊದಲ ನಾಲ್ಕು ಸ್ವರ ಕೋಲ್ಟ್ರೇನ್ 1961ರಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ ‘ಇಂಡಿಯಾ’ದ್ದು. ಆ ಕೋಲ್ಟ್ರೇನ್ ರವಿಶಂಕರ್ ಆರಾಧಕರು, ಮಗನಿಗೆ ರವಿ ಎಂದೇ ಹೆಸರಿಟ್ಟವರು. ಹಾಗಾಗಿ ಇದು ಎರಡು ಕೈ ದಾಟಿ ಬಂದ ಭಾರತ. ನಮ್ಮಲ್ಲಿ ಕೆಲವರು ಇದನ್ನು ಹಿಂದೂಸ್ತಾನಿಯ ದಿಗ್ವಿಜಯವೆಂದು ಬೀಗುವುದಕ್ಕೂ, ಇನ್ನು ಕೆಲವರು ಕದ್ದ ಮಾಲು ಎನ್ನುವುದಕ್ಕೂ ಆಧಾರ ಸಾಲದು. ಒಬ್ಬ ಬ್ಯಾಂಜೋ ವಾದಕ ಸ್ಯಾಕ್ಸೊಫೋನಿನ ಉಸಿರನ್ನು ಹನ್ನೆರಡು ತಂತಿಗೆ ಇಳಿಸಲು ಹೆಣಗಿದ್ದು ಇಲ್ಲಿ ಕೇಳುತ್ತದೆ. ಕಂಪ್ರೆಸರ್ ಕೊಟ್ಟ ಉದ್ದ ಸ್ವರ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಬೆರಳು ತಡವರಿಸುತ್ತದೆ, ಸ್ವರಗಳು ಒಂದರ ಮೇಲೊಂದು ಮುಗಿಬೀಳುತ್ತವೆ. ಮಾದಕವಸ್ತುವಿನ ಹಾಡೆಂಬ ಆಪಾದನೆಯಿಂದ ಹಲವು ರೇಡಿಯೊ ಕೇಂದ್ರಗಳು ಕೈಬಿಟ್ಟರೂ ಅದು ಅಮೆರಿಕದಲ್ಲಿ 14ನೇ ಸ್ಥಾನ ತಲುಪಿತು. ಮೆಕ್‌ಗ್ವಿನ್‌ರ ಅತಿ ದೊಡ್ಡ ಸಾಧನೆ ಇದೇ ಎಂಬುದು ನನ್ನ ಎಣಿಕೆ.

ಇಲ್ಲಿಂದ ಮುಂದೆ ಅಭಿಮಾನಿಗಳು ಎರಡು ಪಂಗಡ. ಜೀನ್ ಕ್ಲಾರ್ಕ್ 1966ರಲ್ಲಿ ಹೋದರು, ಕ್ರಾಸ್ಬಿಯನ್ನು 1967ರಲ್ಲಿ ಹೊರಹಾಕಲಾಯಿತು. ಗ್ರಾಮ್ ಪಾರ್ಸನ್ಸ್ ಬಂದು, 1968ರ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ ಎಲ್‌ಪಿಯಲ್ಲಿ ತಂಡ ಪೂರಾ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ಇಳಿಯಿತು. ರಿಕನ್‌ಬ್ಯಾಕರ್ ಅಲ್ಲಿ ಬಹುತೇಕ ಮೌನ. ಹಳೆಯ ಅಭಿಮಾನಿಗಳು ಮುನಿದರು. ಪಟ್ಟಿಯಲ್ಲಿ 77ರಿಂದ ಮೇಲೇರದ ಆ ಎಲ್‌ಪಿಯನ್ನು ಇಂದು ಕಂಟ್ರಿ ರಾಕ್‌ನ ತಳಪಾಯ ಎನ್ನುತ್ತಾರೆ. ನಾದವನ್ನೇ ತಂಡವೆಂದು ತಿಳಿದವರಿಗೆ ಅದು ದ್ರೋಹವಾಗಿ ಕಂಡದ್ದು ಸಹಜ. ಕೈಯನ್ನು ಗಮನಿಸಿದ್ದವರಿಗೆ ಅಚ್ಚರಿಯಾಗಬೇಕಿರಲಿಲ್ಲ: ಮೆಕ್‌ಗ್ವಿನ್ ಅಲ್ಲಿ ಬ್ಯಾಂಜೋ ಎತ್ತಿಕೊಂಡಿದ್ದಾರೆ.

ಅದೇ ವರ್ಷ ತಂಡ ಸೇರಿದ ಕ್ಲಾರೆನ್ಸ್ ವೈಟ್ ಬಗ್ಗೆ ಈ ನೆನಪುಗಳಲ್ಲಿ ಅನ್ಯಾಯವಾಗುತ್ತಲೇ ಬಂದಿದೆ. ಕೆಂಟಕಿ ಕರ್ನಲ್ಸ್ ಎಂಬ ಬ್ಲೂಗ್ರಾಸ್ ತಂಡದಲ್ಲಿ ಅಕೂಸ್ಟಿಕ್ ಗಿಟಾರು ನುಡಿಸಿ ಹೆಸರಾದವರು ಅವರು. ಬರ್ಡ್ಸ್‌ನ ಮುಂದಿನ ಡ್ರಮ್ ವಾದಕ ಜೀನ್ ಪಾರ್ಸನ್ಸ್ ಜೊತೆಗೂಡಿ ತಮ್ಮ ಟೆಲಿಕಾಸ್ಟರ್ ಗಿಟಾರಿನೊಳಗೆ ಒಂದು ಸನ್ನೆಗೋಲಿನ ಏರ್ಪಾಟು ಮಾಡಿಕೊಂಡರು. ಹೆಗಲ ಪಟ್ಟಿಯನ್ನು ಕೆಳಕ್ಕೆ ಒತ್ತಿದರೆ ಎರಡನೆಯ ತಂತಿ ಬಿಗಿದು ಸ್ವರ ಒಂದು ಪೂರ್ಣಾಂತರ ಮೇಲಕ್ಕೆ ಜಾರುತ್ತದೆ. ಪೆಡಲ್ ಸ್ಟೀಲ್ ಗಿಟಾರಿನ ಅಳು ಸಾಮಾನ್ಯ ಗಿಟಾರಿನಿಂದಲೇ ಬರುತ್ತದೆ. 1973ರಲ್ಲಿ, 29ನೇ ವಯಸ್ಸಿನಲ್ಲಿ, ಕುಡಿದು ಕಾರು ಓಡಿಸಿದವರೊಬ್ಬರಿಂದ ವೈಟ್ ಸತ್ತರು. ಆ ಗಿಟಾರು ಈಗ ಕಂಟ್ರಿ ಗಾಯಕ ಮಾರ್ಟಿ ಸ್ಟುವರ್ಟ್ ಬಳಿಯಿದೆ. 2018ರಲ್ಲಿ ಮೆಕ್‌ಗ್ವಿನ್, ಹಿಲ್‌ಮನ್ ಜೊತೆ ‘ಸ್ವೀಟ್‌ಹಾರ್ಟ್’ನ ಐವತ್ತನೇ ವರ್ಷದ ಪ್ರವಾಸದಲ್ಲಿ ಅವರು ಅದನ್ನು ನುಡಿಸಿದರು. ಕಸುಬಿನ ದೃಷ್ಟಿಯಿಂದ ನೋಡಿದರೆ ವೈಟ್ ಮೆಕ್‌ಗ್ವಿನ್‌ಗಿಂತ ದೊಡ್ಡ ವಾದಕ. ಬರ್ಡ್ಸ್ ವೇದಿಕೆಯ ಮೇಲೆ ಮರ್ಯಾದೆ ಗಳಿಸಿದ್ದೇ ಅವರ ಕಾಲದಲ್ಲಿ. ಅಮೆರಿಕದ ರೇಡಿಯೊದಲ್ಲಿ ಹಿಟ್ ಆದ ಹಾಡು ಅವರ ಪಾಲಿಗೆ ಬರಲಿಲ್ಲ, ಆದ್ದರಿಂದ ಸಾಮಾನ್ಯ ಅಭಿಮಾನಿಯ ನೆನಪಿನಲ್ಲಿ ಅವರಿಗೆ ಜಾಗವಿಲ್ಲ.

ಉತ್ತರಾಧಿಕಾರಿಗಳ ಲೆಕ್ಕವೂ ಹೀಗೆಯೇ ಏರುಪೇರು. ಟಾಮ್ ಪೆಟಿ ತಮ್ಮ ಋಣವನ್ನು ಎಂದೂ ಮುಚ್ಚಿಡಲಿಲ್ಲ. ಅವರ ‘ಅಮೆರಿಕನ್ ಗರ್ಲ್’ ಎಷ್ಟು ಬರ್ಡ್ಸ್‌ಮಯವೆಂದರೆ 1977ರಲ್ಲಿ ಮೆಕ್‌ಗ್ವಿನ್ ಅದನ್ನು ತಾವೇ ಹಾಡಿ ಮುದ್ರಿಸಿದರು. ಆರ್‌ಇಎಂ ತಂಡದ ಪೀಟರ್ ಬಕ್, ಸ್ಮಿತ್ಸ್ ತಂಡದ ಜಾನಿ ಮಾರ್ ರಿಕನ್‌ಬ್ಯಾಕರ್ ಹಿಡಿದರು, ಆದರೆ ತಮ್ಮದೇ ದಾರಿ ಹಿಡಿದರು. ಅವರ ಬೆನ್ನಿಗೆ ಬಂದ ನೂರಾರು ತಂಡಗಳಿಗೆ ಸಿಕ್ಕಿದ್ದು ಹೊಳಪು ಮಾತ್ರ. ತಂತಿಗಳನ್ನು ಮೇಲೆ ಕೆಳಗೆ ಬಾರಿಸಿದರೆ ಮಿಣುಗುತ್ತದೆ, ಅಷ್ಟು ಸಾಕು ಎಂದುಕೊಂಡವರು ಇವರು. 1988ರಲ್ಲಿ ರಿಕನ್‌ಬ್ಯಾಕರ್ ಕಂಪನಿ ಕಂಪ್ರೆಸರನ್ನು ಒಳಗೇ ಕೂರಿಸಿ ಮೆಕ್‌ಗ್ವಿನ್ ಹೆಸರಿನ ಮಾದರಿಯನ್ನೂ ಮಾರಿತು. ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ಬಲಗೈ ಸಿಗುವುದಿಲ್ಲ.

ಮೂಲದ ಐವರಲ್ಲಿ ಜೀನ್ ಕ್ಲಾರ್ಕ್ 1991ರಲ್ಲಿ, ಮೈಕಲ್ ಕ್ಲಾರ್ಕ್ 1993ರಲ್ಲಿ, ಕ್ರಾಸ್ಬಿ 2023ರಲ್ಲಿ ತೀರಿಕೊಂಡರು. ಹಳೆಯ ತಂಡ ಮತ್ತೆ ಕೂಡಲಿ ಎಂಬ ಅಭಿಮಾನಿಗಳ ಒತ್ತಾಯಕ್ಕೆ ಮೆಕ್‌ಗ್ವಿನ್ ದಶಕಗಳ ಕಾಲ ಮಣಿಯಲಿಲ್ಲ. ಆ ಹೊತ್ತಿನಲ್ಲಿ ಅವರು ಮಾಡಿದ್ದು ಬೇರೊಂದು ಕೆಲಸ: 1995ರ ನವೆಂಬರ್‌ನಿಂದ ‘ಫೋಕ್ ಡೆನ್’ ಹೆಸರಿನಲ್ಲಿ ತಿಂಗಳಿಗೊಂದು ಹಳೆಯ ಜನಪದ ಹಾಡನ್ನು ಹಾಡಿ ಅಂತರಜಾಲದಲ್ಲಿ ಉಚಿತವಾಗಿ ಹಂಚತೊಡಗಿದರು. ಓಲ್ಡ್ ಟೌನ್ ಸ್ಕೂಲಿನ ಪಾಠಗಳು ಇವು.

ಬರ್ಡ್ಸ್ ಕೇಳಲು ಹೊರಟ ಹೊಸಬರು ದಯವಿಟ್ಟು ಜನಪ್ರಿಯ ಹಾಡುಗಳ ಸಂಕಲನದಿಂದ ಶುರುಮಾಡಬೇಡಿ. 1966ರ ‘ಎಯ್ಟ್ ಮೈಲ್ಸ್ ಹೈ’ ಕೇಳಿ, ಕೂಡಲೇ 1970ರ ‘ಅನ್‌ಟೈಟಲ್ಡ್’ ಎಲ್‌ಪಿಯಲ್ಲಿರುವ ಅದೇ ಹಾಡಿನ ಹದಿನಾರು ನಿಮಿಷದ ವೇದಿಕೆಯ ರೂಪವನ್ನು ಹಾಕಿ. ಮೆಕ್‌ಗ್ವಿನ್, ವೈಟ್ ಇಬ್ಬರ ಕೈಗಳೂ ಅಲ್ಲಿ ಒಟ್ಟಿಗಿವೆ, ಗಾಯನ ಬರುವುದು ಕೊಟ್ಟಕೊನೆಗೆ. ಅದಾದ ಮೇಲೆ ‘ಟ್ಯಾಂಬೊರೀನ್ ಮ್ಯಾನ್’ಗೆ ಬನ್ನಿ.