ಹೆಸರು ಅಳಿಸಿ ಬಂದ ಮಾರಿಯೋ

ಇಂದಿರಾನಗರದಲ್ಲಿ ಈಗ ತೊಂಬತ್ತರ ದಶಕಕ್ಕೆ ಒಳ್ಳೆಯ ರೇಟು ಇದೆ. 2021ರಲ್ಲಿ ಒಂದು ಜಾಹೀರಾತು ರಾಹುಲ್ ದ್ರಾವಿಡ್ ಅವರನ್ನು ಟ್ರಾಫಿಕ್ ಜಾಮಿನ ನಡುವೆ ಕಾರಿನ ಮೇಲ್ಛಾವಣಿಯಿಂದ ಎದ್ದು ನಿಲ್ಲಿಸಿ, ತಾನು ಇಂದಿರಾನಗರದ ಗೂಂಡಾ ಎಂದು ಕೂಗಿಸಿತು, ದೇಶವೇ ನಕ್ಕಿತು. ಅವರ ತಾಳ್ಮೆಯನ್ನು ಟಿವಿಯಲ್ಲಿ ನೋಡುತ್ತಾ ಬೆಳೆದವರ ನೆನಪೇ ಆ ನಗುವಿನ ಬಂಡವಾಳ. ಅದೇ ಮಾರುಕಟ್ಟೆಯ ಇನ್ನೊಂದು ಸರಕು ಮಾರಿಯೋ. ಕೆಂಪು ಟೋಪಿ, ದಪ್ಪ ಮೀಸೆ, ಚೌಕ ಚೌಕವಾಗಿ ಬಿಡಿಸಿದ ಅಣಬೆ ಟೀ ಶರ್ಟುಗಳ ಮೇಲಿವೆ, ಕೀ ಚೈನುಗಳಲ್ಲಿವೆ. ಆ ಆಟದ ಸಂಗೀತ ನಲವತ್ತರ ಆಸುಪಾಸಿನವರ ಮೊಬೈಲ್ ರಿಂಗ್‌ಟೋನಿನಲ್ಲಿದೆ. ಕಂಡ ಕೂಡಲೇ ‘ಅಯ್ಯೋ, ನಮ್ಮ ಬಾಲ್ಯ’ ಎನ್ನುತ್ತೇವೆ. ಯಾರ ಬಾಲ್ಯ, ಯಾವ ಮಾರಿಯೋ ಎಂದು ಕೇಳುವವರು ಕಡಿಮೆ. ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ ಬೆಳೆದವರು ಆಡಿದ ಮಾರಿಯೋ ಮತ್ತು ಇವತ್ತು ಅವರಿಗೆ ಮಾರಲಾಗುತ್ತಿರುವ ಮಾರಿಯೋ ಒಂದೇ ಅಲ್ಲ. ಆ ವ್ಯತ್ಯಾಸ ಹಿಡಿಯದೆ ಈ ಹಂಬಲಕ್ಕೆ ಬೆಲೆ ಕಟ್ಟಲಾಗದು.

ಮೊದಲು ಮೂಲದ ಮಾತು. ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ‘ಸೂಪರ್ ಮಾರಿಯೋ ಬ್ರದರ್ಸ್’ 1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ಬಂತು. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಉರುಳುವ ಪೀಪಾಯಿಗಳನ್ನು ದಾಟುತ್ತಿದ್ದ ಬಡಗಿಯೇ ಈ ಮಾರಿಯೋ. ಅಲ್ಲಿ ಅವನ ಪ್ರಪಂಚ ಒಂದೇ ಪರದೆಯಷ್ಟಿತ್ತು. ಇಲ್ಲಿ ಅದು ಬಲಕ್ಕೆ ಸರಿಯುತ್ತಾ ಹೋಯಿತು. ಹಾರು, ಹಲಗೆ ಹಿಡಿ, ಹಳ್ಳ ದಾಟು ಎಂಬ ಪ್ಲಾಟ್‌ಫಾರ್ಮ್ ಆಟಗಳ ಸಂಪ್ರದಾಯಕ್ಕೆ ವ್ಯಾಕರಣ ಬರೆದ ಕೃತಿ ಇದು.

ಅದರ ಮೊದಲ ಸ್ಟೇಜನ್ನು ಹತ್ತಿರದಿಂದ ನೋಡಬೇಕು. ಮಾರಿಯೋ ಪರದೆಯ ಎಡಗಡೆ ನಿಂತಿದ್ದಾನೆ, ಬಲಗಡೆಯೆಲ್ಲ ಖಾಲಿ. ಎತ್ತ ಹೋಗಬೇಕೆಂದು ಯಾರೂ ಹೇಳಬೇಕಿಲ್ಲ. ನಾಲ್ಕು ಹೆಜ್ಜೆಗೆ ಕಂದು ಬಣ್ಣದ ಪ್ರಾಣಿಯೊಂದು ಎದುರು ಬರುತ್ತದೆ. ಸುಮ್ಮನಿದ್ದರೆ ಸಾವು, ಹಾರಿದರೆ ಬದುಕು, ಮೇಲೆ ಬಿದ್ದರೆ ಅದೇ ಅಪ್ಪಚ್ಚಿ. ಪ್ರಶ್ನೆ ಗುರುತಿನ ಪೆಟ್ಟಿಗೆಗೆ ತಲೆ ಗುದ್ದಿದರೆ ಅಣಬೆ ಹೊರಬರುತ್ತದೆ. ಅದು ಬಲಕ್ಕೆ ಜಾರಿ, ಪೈಪಿಗೆ ಬಡಿದು, ತಿರುಗಿ ನಮ್ಮ ಕಡೆಗೇ ಬರುತ್ತದೆ. ಹೆದರಿ ಹಾರಿದರೆ ಮೇಲಿನ ಇಟ್ಟಿಗೆ ತಲೆಗೆ ತಾಗಿ ಅಣಬೆಯ ಮೇಲೆಯೇ ಬೀಳುತ್ತೇವೆ. ಬಿದ್ದ ಮೇಲೆ ಅದು ಒಳ್ಳೆಯದೆಂದು ತಿಳಿಯುತ್ತದೆ. ಕೊನೆಯಲ್ಲಿ ಎರಡು ಮೆಟ್ಟಿಲ ಗುಡ್ಡೆಗಳ ನಡುವೆ ಹಾರಬೇಕು. ಕೆಳಗೆ ನೆಲವಿದೆ, ತಪ್ಪಿದರೂ ಸಾವಿಲ್ಲ. ಮುಂದೆ ಅಂಥದೇ ಇನ್ನೊಂದು ಜೋಡಿ, ಈಗ ನಡುವೆ ಪ್ರಪಾತ. ಒಂದಕ್ಷರ ಬೋಧಿಸದೆ ಪಾಠ ಹೇಳಿ, ಅಭ್ಯಾಸ ಮಾಡಿಸಿ, ಪರೀಕ್ಷೆ ತೆಗೆದುಕೊಂಡಾಯಿತು. ಇಷ್ಟೆಲ್ಲ ಇರುವುದು 40 ಕಿಲೋಬೈಟಿನಲ್ಲಿ. ಜಾಗ ಉಳಿಸಲು ಮೋಡದ ಚಿತ್ರಕ್ಕೇ ಹಸಿರು ಹಚ್ಚಿ ಪೊದೆ ಮಾಡಿದರು. ಕೋಜಿ ಕೊಂಡೊ ಮಾಡಿದ ರಾಗ 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಧ್ವನಿಮುದ್ರಣ ಪಟ್ಟಿ ಸೇರಿತು. ಆ ಪಟ್ಟಿ ಸೇರಿದ ಮೊದಲ ವಿಡಿಯೋ ಗೇಮ್ ಸಂಗೀತ ಅದು. ಕೃತಿಯ ಯೋಗ್ಯತೆಯ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಅದು ನಮ್ಮಲ್ಲಿಗೆ ಬಂದ ಬಗೆಯ ಕುರಿತು ನಾವು ಈಗ ಹೇಳಿಕೊಳ್ಳುವ ಕತೆಯಲ್ಲಿ. ನಿಂಟೆಂಡೊ ಯಂತ್ರ ‘ಸಮುರಾಯ್’ ಎಂಬ ಹೆಸರಿನಲ್ಲಿ ಭಾರತಕ್ಕೆ ಅಧಿಕೃತವಾಗಿ ಬಂದದ್ದುಂಟು. ಆದರೆ ಎಚ್‌ಎಎಲ್, ಎನ್‌ಜಿಇಎಫ್, ಐಟಿಐ ನೌಕರರ ಮನೆಗಳಿಗೆ ಬಂದು ತಲುಪಿದ್ದು ಹೆಚ್ಚಾಗಿ ತೈವಾನ್ ಮತ್ತು ಚೀನಾ ಕಡೆಯ ನಕಲು ಯಂತ್ರಗಳು: ಮೈಕ್ರೋ ಜೀನಿಯಸ್, ಮೀಡಿಯಾ, ಹೆಸರೇ ಇಲ್ಲದ ಇನ್ನೆಷ್ಟೋ. ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದದ್ದನ್ನು ನಾವು ‘ಟಿವಿ ಗೇಮ್’ ಎನ್ನುತ್ತಿದ್ದೆವು, ಅದಕ್ಕೆ ಹಾಕುವುದನ್ನು ‘ಕ್ಯಾಸೆಟ್’ ಎನ್ನುತ್ತಿದ್ದೆವು. ಬಿಪಿಎಲ್ಲೋ ಒನಿಡಾವೋ ಆದ ಟಿವಿಯ ಹಿಂದೆ ವೈರು ಸಿಕ್ಕಿಸಿ, ಚಿತ್ರ ನಿಲ್ಲುವ ತನಕ ಚಾನೆಲ್ ತಿರುಗಿಸಬೇಕು. ಬರದಿದ್ದರೆ ಕ್ಯಾಸೆಟ್ ತೆಗೆದು ಊದಬೇಕು. ಊದಿದ ಉಸಿರಿನ ತೇವದಿಂದ ತಾಮ್ರದ ಕಾಲುಗಳಿಗೆ ಹಾನಿಯೇ ಹೊರತು ಲಾಭವಿಲ್ಲ, ಮತ್ತೆ ತೆಗೆದು ಹಾಕಿದ್ದರಿಂದಷ್ಟೇ ಅದು ಸರಿಹೋಗುತ್ತಿತ್ತು ಎಂದು ಬಲ್ಲವರು ಹೇಳಿಯಾಗಿದೆ. ನಂಬಿಕೆ ಮಾತ್ರ ಹೋಗಿಲ್ಲ. ಜಾಸ್ತಿ ಹೊತ್ತು ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂಬ ಅಪ್ಪಂದಿರ ಶಾಸನದ ಹಾಗೆ.

ಇಲ್ಲಿಂದ ನಮ್ಮ ಪರಂಪರೆಯ ಮೊದಲ ವಿಚಿತ್ರ ಶುರುವಾಗುತ್ತದೆ. 1994ರ ಕೊನೆಗೆ ಜಪಾನಿನಲ್ಲಿ ಪ್ಲೇಸ್ಟೇಷನ್ ಬಂತು, 1996ರಲ್ಲಿ ಮಾರಿಯೋ ಮೂರು ಆಯಾಮಕ್ಕೆ ಜಿಗಿದ. ಅದೇ ಹೊತ್ತಿಗೆ ನಮ್ಮ ನಡುಮನೆಗಳಲ್ಲಿ 1983ರಿಂದ 1986ರ ನಡುವಿನ ಆಟಗಳು ಹೊಸದಾಗಿದ್ದವು: ಟ್ಯಾಂಕಿನ ಆಟ ‘ಬ್ಯಾಟಲ್ ಸಿಟಿ’, ಬೈಕಿನ ‘ಎಕ್ಸೈಟ್‌ಬೈಕ್’, ಕಾರಿನ ‘ರೋಡ್ ಫೈಟರ್’, ಸಿಂಹದ ಮೇಲೆ ಕೂತು ಬೆಂಕಿಯ ಬಳೆ ದಾಟುವ ‘ಸರ್ಕಸ್ ಚಾರ್ಲಿ’, ಮತ್ತು ಮಾರಿಯೋ. ಇವನ್ನು ಆರಿಸಿದ್ದು ಯಾವ ರಸಿಕನೂ ಅಲ್ಲ. ಇವೆಲ್ಲ 40 ಕಿಲೋಬೈಟ್ ಅಥವಾ ಅದಕ್ಕೂ ಕಡಿಮೆ ಜಾಗದವು. ಕ್ಯಾಸೆಟ್ಟಿನೊಳಗೆ ಹೆಚ್ಚುವರಿ ಚಿಪ್ ಬೇಡದವು. ಒಂದು ಅಗ್ಗದ ಹಲಗೆಗೆ ಇಂಥವನ್ನು ಹತ್ತಾರು ತುರುಕಬಹುದಿತ್ತು. ಅದೇ ‘ಸೂಪರ್ ಮಾರಿಯೋ ಬ್ರದರ್ಸ್ 3’ ಮೊದಲ ಮಾರಿಯೋವಿನ ಒಂಬತ್ತು ಪಟ್ಟಿಗಿಂತಲೂ ದೊಡ್ಡದು, ಬೇರೆ ಚಿಪ್ ಬೇಡುವಂಥದ್ದು. ಹಾಗಾಗಿ ಆ ರಾಶಿಯಲ್ಲಿ ಅದು ಅಪರೂಪ. ಸರಣಿಯ ಶ್ರೇಷ್ಠ ಕೃತಿ ಯಾವುದೆಂದು ಜಗತ್ತು ವಾದಿಸುತ್ತಿದ್ದಾಗ, ಮಾರಿಯೋ ಒಂದು ಸರಣಿ ಎಂಬುದೇ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ. ನಮ್ಮ ಅಭಿಜಾತ ಕೃತಿಗಳ ಪಟ್ಟಿಯನ್ನು ತಯಾರಿಸಿದ್ದು ಚಿಪ್ಪಿನ ದರ.

ಎರಡನೆಯ ವಿಚಿತ್ರ ಆ ಕ್ಯಾಸೆಟ್ಟಿನ ಮೆನು. ಮೇಲೆ ಅಂಟಿಸಿದ ಚೀಟಿಯಲ್ಲಿ 9999 ಇನ್ 1 ಎಂದಿರುತ್ತಿತ್ತು. ಪುಟ ತಿರುಗಿಸುತ್ತಾ ಹೋದರೆ ಅದೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಒಂದರಲ್ಲಿ ಮಾರಿಯೋ ಮೂರನೇ ವರ್ಲ್ಡ್‌ನಿಂದ ಹೊರಡುತ್ತಾನೆ, ಇನ್ನೊಂದರಲ್ಲಿ ಕೈತುಂಬ ಲೈಫ್ ಹೊತ್ತು ಹೊರಡುತ್ತಾನೆ. ಮೊದಲ ಪರದೆಯಲ್ಲಿ ಕಂಪನಿಯ ಹೆಸರು, ಇಸವಿ ಇರಬೇಕಾದ ಸಾಲನ್ನು ಎಷ್ಟೋ ನಕಲುಗಳಲ್ಲಿ ಅಳಿಸಿಬಿಟ್ಟಿದ್ದರು. ಹೀಗೆ ಕರ್ತೃವಿಲ್ಲದೆ, ಕಾಲವಿಲ್ಲದೆ, ಆದಿ ಅಂತ್ಯದ ಕ್ರಮವಿಲ್ಲದೆ ಒಂದು ಕೃತಿ ನಮ್ಮ ಕೈಗೆ ಬಂತು.

ಕನ್ನಡದ ಓದುಗರಿಗೆ ಇಲ್ಲಿ ಒಂದು ಆಸೆ ಸಹಜವಾಗಿ ಹುಟ್ಟುತ್ತದೆ. ಮಾರ್ಗ ಮತ್ತು ದೇಸಿಯ ಮಾತು ನಮಗೆ ಸಾವಿರ ವರ್ಷ ಹಳೆಯದು. ನಿಂಟೆಂಡೊ ಕಂಪನಿಯದು ಮಾರ್ಗ, ನ್ಯಾಷನಲ್ ಮಾರ್ಕೆಟ್ಟಿನದು ದೇಸಿ ಎಂದು ಬಿಡಬಹುದಲ್ಲ? ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು ಬೇಕಾದ ಸಾಲು ಎತ್ತಿಕೊಂಡ ಹಾಗೆ ನಾವು ಬೇಕಾದ ಸ್ಟೇಜ್ ಎತ್ತಿಕೊಂಡೆವು ಎನ್ನಬಹುದಲ್ಲ? ಕೇಳಲು ಚೆನ್ನಾಗಿದೆ, ಒಪ್ಪಲಾಗದು. ನೀಲಗಾರರು ಹಾಡುವಾಗ ಕಾವ್ಯವನ್ನು ಕಟ್ಟುತ್ತಾರೆ. ಅದರ ಹೊಣೆ ಹೊರುತ್ತಾರೆ. ನಕಲು ಕ್ಯಾಸೆಟ್ ಮಾಡಿದವನು ಎರಡು ಅಂಕಿ ತಿದ್ದಿ, ಗಿರಾಕಿಗೆ ಎಣಿಕೆ ಜಾಸ್ತಿ ತೋರಿಸಿದ. ಅದು ಪಾಠಾಂತರವಲ್ಲ, ತೂಕದಲ್ಲಿ ಮೋಸ. ಅದನ್ನು ಜಾನಪದದ ಪಟ್ಟಕ್ಕೆ ಏರಿಸುವುದು ನಮ್ಮ ಹಂಬಲದ ಮೊದಲ ಅತಿಶಯೋಕ್ತಿ.

ದೇಸಿ ಎಂಬುದು ಇದ್ದದ್ದೇ ಆದರೆ ಅದು ಕ್ಯಾಸೆಟ್ಟಿನ ಹೊರಗೆ, ಟಿವಿಯ ಮುಂದೆ ಚಾಪೆಯ ಮೇಲೆ ಕೂತವರ ನಡುವೆ ಇತ್ತು. ಕೈಪಿಡಿ ಇಲ್ಲದ ಕೃತಿಗೆ ವ್ಯಾಖ್ಯಾನ ಬಾಯಿಂದ ಬಾಯಿಗೆ ಬಂತು. ಎರಡನೇ ಸ್ಟೇಜಿನಲ್ಲಿ ಸುರಂಗದ ಚಾವಣಿ ಹತ್ತಿ ಓಡಿದರೆ ಕೊನೆಗೆ ಮೂರು ಪೈಪು ಸಿಗುತ್ತವೆ, ಅಲ್ಲಿಂದ ನೇರ ನಾಲ್ಕನೇ ವರ್ಲ್ಡ್. ಮೂರನೇ ವರ್ಲ್ಡ್‌ನ ಮೊದಲ ಸ್ಟೇಜಿನ ಮೆಟ್ಟಿಲ ಮೇಲೆ ಬರುವ ಆಮೆಯನ್ನು ಸರಿಯಾಗಿ ತುಳಿದರೆ ಲೈಫ್ ಮೇಲೆ ಲೈಫ್. ಹಲಸೂರಿನ ತಮಿಳು, ಶಿವಾಜಿನಗರದ ದಖನಿ, ಬಿನ್ನಮಂಗಲದ ಕನ್ನಡ ಒಂದೇ ಚಾಪೆಯ ಮೇಲೆ ಬೆರೆತು ಈ ವಿದ್ಯೆ ಹರಡಿತು. ಇದರ ಜೊತೆಗೆ ಹಸಿ ಸುಳ್ಳುಗಳೂ ಹರಡಿದವು. ಅವನ್ನು ಪರೀಕ್ಷಿಸುವುದರಲ್ಲೇ ಎಷ್ಟೋ ರಜೆಗಳು ಕಳೆದವು. ಸತ್ತ ಮೇಲೆ ಎ ಬಟನ್ ಒತ್ತಿಕೊಂಡೇ ಸ್ಟಾರ್ಟ್ ಒತ್ತಿದರೆ ಅದೇ ವರ್ಲ್ಡ್‌ನಿಂದ ಮುಂದುವರಿಯಬಹುದು ಎಂಬ ಸತ್ಯ ಮಾತ್ರ ನಮ್ಮ ಬೀದಿಗೆ ಬರಲೇ ಇಲ್ಲ. ಹಾಗಾಗಿ ಕರೆಂಟ್ ಹೋದರೂ ಮೊದಲಿಂದ, ಸತ್ತರೂ ಮೊದಲಿಂದ. ಮೊದಲ ಸ್ಟೇಜ್ ನಮಗೆ ಅಷ್ಟೊಂದು ಬಾಯಿಪಾಠವಾಗಿರಲು, ಎಂಟನೇ ವರ್ಲ್ಡ್ ಬರೀ ವದಂತಿಯಾಗಿ ಉಳಿಯಲು ಇದೇ ಕಾರಣ.

ಈ ಚಾಪೆಯನ್ನೂ ಸುಮ್ಮನೆ ಪೂಜಿಸುವ ಹಾಗಿಲ್ಲ. ಈ ಆಟದಲ್ಲಿ ಇಬ್ಬರು ಆಡುವುದೆಂದರೆ ಸರದಿಯ ಮೇಲೆ ಆಡುವುದು. ಒಬ್ಬ ಸತ್ತರೆ ಇನ್ನೊಬ್ಬನಿಗೆ ಚಾನ್ಸ್. ಚೆನ್ನಾಗಿ ಬಲ್ಲವನು ಅರ್ಧ ಗಂಟೆ ಆಡುತ್ತಾನೆ, ಬಾರದವನು ಅರ್ಧ ನಿಮಿಷದಲ್ಲಿ ಸತ್ತು ಮತ್ತೆ ಕಾಯುತ್ತಾನೆ. ಅಭ್ಯಾಸ ಬೇಕಾದವನಿಗೇ ಅಭ್ಯಾಸ ಸಿಗದ ವ್ಯವಸ್ಥೆ ಇದು. ತಂಗಿಯ ಕೈಗೆ ಸಾಮಾನ್ಯವಾಗಿ ಬರುತ್ತಿದ್ದುದು ಎರಡನೇ ರಿಮೋಟು ಮತ್ತು ಲೂಯಿಜಿ. ಅಣ್ಣ ಸಾಯಲಿ ಎಂದು ಅವಳು ಕಾಯುತ್ತಾ ಕೂರಬೇಕು. ಬಡಾವಣೆಯ ಮನೆಗಳಲ್ಲಿ ಯಂತ್ರ ಸ್ವಂತದ್ದು. ಅಪ್ಪಾರೆಡ್ಡಿಪಾಳ್ಯದಂಥ ಕಡೆಯ ಹುಡುಗರಿಗೆ ಅದು ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಅಂಗಡಿ, ಇಲ್ಲವೇ ಬೇರೆಯವರ ಮನೆಯ ಕಿಟಕಿ. ‘ನಾವೆಲ್ಲ ಒಟ್ಟಿಗೆ ಆಡುತ್ತಿದ್ದೆವು’ ಎಂದು ಹೇಳುವವರು ಬಹುಮಟ್ಟಿಗೆ ಮೊದಲನೇ ರಿಮೋಟು ಹಿಡಿದಿದ್ದವರು. ಇದರಲ್ಲಿ ಕೃತಿಯ ಪಾಲೂ ಇದೆ. ಪರದೆ ಬಲಕ್ಕೆ ಸರಿದರೆ ತಿರುಗಿ ಎಡಕ್ಕೆ ಬಾರದು. ರಾಜಕುಮಾರಿ ಕೊನೆಯ ತನಕ ಬಹುಮಾನವೇ ಹೊರತು ಪಾತ್ರವಲ್ಲ. ಕೊನೆಯದೊಂದನ್ನು ಬಿಟ್ಟು ಪ್ರತಿ ಕೋಟೆಯ ಕೊನೆಗೂ ಅವಳು ಇನ್ನೊಂದು ಕೋಟೆಯಲ್ಲಿದ್ದಾಳೆಂಬ ಅದೇ ಉತ್ತರ. ಮಿಯಾಮೊಟೊ ಪಂಥದ ಜಾಣ್ಮೆಯೆಲ್ಲ ಕಾಲಿನ ಕೆಳಗಿನ ನೆಲದಲ್ಲಿದೆ, ಕತೆಯಲ್ಲಿಲ್ಲ.

ಈ ಪಂಥಕ್ಕೆ ನಮ್ಮಲ್ಲಿದ್ದ ಇನ್ನೊಂದು ಬಾಗಿಲು ಶಾಲೆಯ ಕಂಪ್ಯೂಟರ್ ಲ್ಯಾಬ್. ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೇಷ್ಟ್ರು ಆಚೆ ಹೋದ ಕೂಡಲೇ ತೆರೆಯುತ್ತಿದ್ದುದು ‘ಡೇವ್’ ಮತ್ತು ಜೋರ್ಡಾನ್ ಮೆಕ್ನರ್ 1989ರಲ್ಲಿ ಮಾಡಿದ ‘ಪ್ರಿನ್ಸ್ ಆಫ್ ಪರ್ಷಿಯಾ’. ಮೆಕ್ನರ್ ತನ್ನ ತಮ್ಮ ಓಡುವುದನ್ನು, ಹಾರುವುದನ್ನು ವಿಡಿಯೋ ಮಾಡಿ ಅದರ ಮೇಲೆ ರಾಜಕುಮಾರನನ್ನು ಬಿಡಿಸಿದ. ಅವನ ಜಿಗಿತಕ್ಕೆ ಮೈಭಾರವಿತ್ತು. ಜಾನ್ ರೊಮೆರೊ ಮಾಡಿದ ‘ಡೇಂಜರಸ್ ಡೇವ್’ ನೇರವಾಗಿ ಮಾರಿಯೋವಿನ ನೆರಳು. 1990ರಲ್ಲಿ ರೊಮೆರೊನ ಸಂಗಡಿಗರಾದ ಜಾನ್ ಕಾರ್ಮಾಕ್ ಮತ್ತು ಟಾಮ್ ಹಾಲ್ ಮೂರನೇ ಮಾರಿಯೋದ ಮೊದಲ ಸ್ಟೇಜನ್ನು ಪಿಸಿಯ ಮೇಲೆ ಹಾಗೆಯೇ ನಕಲು ಮಾಡಿ, ಡೇವ್‌ನನ್ನು ಅದರಲ್ಲಿ ಇಳಿಸಿ, ಕೃತಿಸ್ವಾಮ್ಯ ಉಲ್ಲಂಘನೆ ಎಂದೇ ಅದಕ್ಕೆ ಹೆಸರಿಟ್ಟರು. ನಿಂಟೆಂಡೊ ಅದನ್ನು ಒಪ್ಪಲಿಲ್ಲ. ಆ ನಕಲಿನಿಂದ ಕಲಿತ ವಿದ್ಯೆಯಲ್ಲಿ ಅವರು ‘ಕಮಾಂಡರ್ ಕೀನ್’ ಮಾಡಿದರು. 1991ರಲ್ಲಿ ಐಡಿ ಸಾಫ್ಟ್‌ವೇರ್ ಕಟ್ಟಿದರು. 1993ರಲ್ಲಿ ‘ಡೂಮ್’ ತಂದರು. ನಕಲು ನಾಚಿಕೆಯ ಮಾತಲ್ಲ. ನಕಲು ಮಾಡಿ ಅಲ್ಲಿಗೇ ನಿಂತರೆ ನಾಚಿಕೆ.

ಈ ಅಳತೆಗೋಲಿನಲ್ಲಿ ಇವತ್ತಿನ ಹಂಬಲದ ವ್ಯಾಪಾರವನ್ನು ತೂಗಿದರೆ ಸಿಗುವುದು ಕಡಿಮೆ. 2016ರಲ್ಲಿ ನಿಂಟೆಂಡೊ ತನ್ನ ಹಳೆಯ ಯಂತ್ರವನ್ನು ಅಂಗೈಯಗಲ ಮಾಡಿ, 30 ಆಟ ತುಂಬಿ ಮಾರಿತು. ಅದರಲ್ಲಿ ಎಲ್ಲಿ ಬೇಕಾದರೂ ಆಟ ನಿಲ್ಲಿಸಿ ಉಳಿಸಿಕೊಳ್ಳಬಹುದು. ಕರೆಂಟ್ ಹೋಗುವ ಭಯವಿಲ್ಲ, ಊದುವ ಕೆಲಸವಿಲ್ಲ, ಕ್ರಮ ತಪ್ಪುವುದಿಲ್ಲ. ಅದು ಒಸಾಕಾದ, ಒಹಾಯೊದ ಹುಡುಗನ ಬಾಲ್ಯ. ಇಂದಿರಾನಗರದವನು ಅದನ್ನು ತರಿಸಿಕೊಂಡು ತನ್ನದೆಂದು ನಂಬಿದ. ಅದೇ ವರ್ಷ ಬಂದ ‘ಸೂಪರ್ ಮಾರಿಯೋ ರನ್’ ಎಂಬ ಮೊಬೈಲ್ ಆಟದಲ್ಲಿ ಮಾರಿಯೋ ತಾನೇ ಓಡುತ್ತಾನೆ, ನಮ್ಮ ಹೆಬ್ಬೆರಳಿಗೆ ಉಳಿದದ್ದು ಹಾರಿಸುವ ಕೆಲಸ ಮಾತ್ರ. ಓಡುವುದೋ ನಿಲ್ಲುವುದೋ ಎಂಬ ತೀರ್ಮಾನವೇ ಹೋದ ಮೇಲೆ ಹಾರುವುದರ ರುಚಿ ಅರ್ಧ.

ಬೆಂಗಳೂರು ಈ ಪಂಥದಿಂದ ಏನು ಕಲಿಯಿತು? 1997ರಲ್ಲಿ ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದರು. ಭಾರತದ ಗೇಮ್ ಉದ್ಯಮದ ಹಿರಿಯ ಮನೆಗಳಲ್ಲಿ ಅದೊಂದು. ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಮರ, ಮುಖ ಬಿಡಿಸಿಕೊಡುವುದರಲ್ಲಿ ಅದು ಹೆಸರು ಮಾಡಿತು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡವು. ಉಡುಪಿಯ 99ಗೇಮ್ಸ್ ಮೊಬೈಲ್ ಆಟಗಳಲ್ಲಿ ತನ್ನದೇ ದಾರಿ ಹಿಡಿದಿದೆ. ಕೈಕೆಲಸ ನಮಗೆ ಚೆನ್ನಾಗಿ ಬರುತ್ತದೆ ಎಂಬುದಕ್ಕೆ ಪುರಾವೆ ಬೇಕಿಲ್ಲ. ಆದರೆ ಆ ಚಾಪೆಯ ಮೇಲಿನ ಕನ್ನಡ, ತಮಿಳು, ದಖನಿಯ ಬಾಲ್ಯವನ್ನು, ಸರದಿ ಕಾದ ತಂಗಿಯನ್ನು, ಕಿಟಕಿಯಾಚೆ ನಿಂತ ಹುಡುಗನನ್ನು ಆಟವಾಗಿಸುವ ಧೈರ್ಯಕ್ಕೆ ಹಳೆಯ ಟೀ ಶರ್ಟು ನೆರವಾಗುವುದಿಲ್ಲ.

ಮಿಯಾಮೊಟೊ, ತೆಜುಕಾ ಚೌಕದ ಕಾಗದದ ಮೇಲೆ ಸ್ಟೇಜ್ ಬರೆದರು. ಮೋಡವನ್ನು ಪೊದೆ ಮಾಡಿದರು. ಇದ್ದಷ್ಟರಲ್ಲಿ ಜಗತ್ತು ಕಟ್ಟಿದರು. ಕಲಿಯಬೇಕಾದ್ದು ಆ ಮಿತವ್ಯಯ. ಬಿಡಬೇಕಾದ್ದು ಆ ಒಬ್ಬನೇ ವೀರ, ಆ ಒಂದೇ ದಿಕ್ಕಿನ ಓಟ. ಹೆಸರು ಅಳಿಸಿದ ನಕಲನ್ನು ಊದಿ ಊದಿ ಆಡಿದ ತಲೆಮಾರು ಈಗ ಇದೇ ಊರಿನಲ್ಲಿ ಬೇರೆಯವರ ಆಟಗಳಿಗೆ ಮರ, ಕಲ್ಲು ಬಿಡಿಸುತ್ತಾ ಕೂತಿದೆ. ತನ್ನ ಹೆಸರು ಹಾಕಿ ಒಂದು ಚಿಕ್ಕ ಆಟ ಮಾಡಿದರೆ, ಅದು ಕೆಟ್ಟದಾಗಿದ್ದರೂ, ಮಾರಿಯೋಗೆ ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ.