ಚಿಗರಿ ಉಳಿಯಿತು, ಹುಲ್ಲು?

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರು. ಬೇಟೆಯ ಕಾಟ ತಗ್ಗಿತು, ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಎಣಿಕೆ ಸಾವಿರಗಳಿಗೆ ಏರಿತು. ಇಷ್ಟಕ್ಕೇ ನಿಂತರೆ ಇದು ಗೆದ್ದವರ ಕಥೆ. ಆದರೆ ಒಳಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಚಿಗರಿಯೂ ಅಲ್ಲ, ಹುಲ್ಲೂ ಅಲ್ಲ, ಸಾಲುಸಾಲು ನೀಲಗಿರಿ.

ಚಿಗರಿ ಬಯಲಿನ ಪ್ರಾಣಿ. ತೋಳವನ್ನು ದೂರದಿಂದಲೇ ಕಂಡು ಓಟ ಕೀಳುವುದೇ ಅದರ ರಕ್ಷಣೆ. ಗಂಡುಗಳು ಎಲ್ಲೆ ಕಾಯ್ದು ಕಾದಾಡುವುದಕ್ಕೂ ತೆರೆದ ನೆಲವೇ ಬೇಕು. ಅಂಥ ನೆಲವನ್ನು ಸರ್ಕಾರಿ ಕಡತಗಳು ಬ್ರಿಟಿಷರ ಕಾಲದಿಂದಲೂ ಬಂಜರು ಎಂದೇ ಬರೆದುಕೊಂಡು ಬಂದವು. ಬಂಜರು ಎಂದಮೇಲೆ ಏನಾದರೂ ನೆಡಬೇಕಲ್ಲ! ಬೇಗ ಬೆಳೆಯುವ, ದನ ಬಾಯಿ ಹಾಕದ ನೀಲಗಿರಿ ಹೇಳಿ ಮಾಡಿಸಿದಂತೆ ಸಿಕ್ಕಿತು.

ಚಿಗರಿ ಹೇಗೋ ಹೊಂದಿಕೊಂಡಿತು. ನೆಡುತೋಪಿನ ಮರೆಯಲ್ಲಿ ತಂಗುತ್ತದೆ, ಸುತ್ತಲಿನ ಹೊಲಗಳ ಜೋಳ, ಗೋವಿನಜೋಳ ಮೇಯುತ್ತದೆ. ಒಳಗೆ ಕಳೆದುಹೋದ ಹುಲ್ಲಿನ ಬೆಲೆಯನ್ನು ಹೊರಗಿನ ರೈತ ತೆರುತ್ತಿದ್ದಾನೆ. ಎರೆಭೂತಕ್ಕೆ ಈ ಜಾಣ್ಮೆ ಸಾಧ್ಯವಾಗಲಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಈ ದೊಡ್ಡ ಹಕ್ಕಿ ಒಂದು ಕಾಲಕ್ಕೆ ಇಲ್ಲೂ ಇತ್ತು. ಈಗ ರಾಜ್ಯದಲ್ಲಿ ಅದರ ಹೆಸರು ಕೇಳಿಬರುವುದು ಬಳ್ಳಾರಿಯ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಲ್ಲಿ. ಎಲ್ಲ ತಪ್ಪನ್ನೂ ನೀಲಗಿರಿಯ ತಲೆಗೆ ಕಟ್ಟಲಾಗದು. ಬೇಟೆ, ಬದಲಾದ ಬೇಸಾಯಗಳ ಪಾಲೂ ಇದೆ. ಆದರೆ ಬೇಟೆಗೆ ಕಾನೂನಿನ ಬೇಲಿ ಹಾಕಿ, ನೆಲದ ಗುಣವನ್ನೇ ಕೆಡಿಸಿದ್ದು ಯಾವ ಬಗೆಯ ರಕ್ಷಣೆ?

ಆದ್ದರಿಂದ ಚಿಗರಿಗಳ ಎಣಿಕೆಯನ್ನೇ ಈ ತಾಣದ ಯಶಸ್ಸಿನ ಅಳತೆಗೋಲು ಮಾಡುವುದಕ್ಕೆ ನನ್ನ ತಕರಾರಿದೆ. ತೋಳ, ನರಿ, ನೆಲಗುಬ್ಬಿಗಳನ್ನು ಸಾಕುವಷ್ಟು ಹುಲ್ಲುಬಯಲು ಎಷ್ಟು ಉಳಿದಿದೆ ಎಂಬುದನ್ನು ಮೊದಲು ಅಳೆಯಬೇಕು. ಹೆಸರಘಟ್ಟದ ಹುಲ್ಲುಗಾವಲಿಗೆ ಫಿಲ್ಮ್ ಸಿಟಿಯ ಯೋಜನೆ ಬಂದಾಗ ಪಕ್ಷಿಪ್ರಿಯರು ಎದ್ದು ನಿಂತರು. ರಾಣೆಬೆನ್ನೂರಿನ ಹುಲ್ಲನ್ನು ನುಂಗಿದ್ದು ಮರ. ಮರದ ವಿರುದ್ಧ ಯಾರು ಫಲಕ ಹಿಡಿದಾರು?

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯದು ಅಷ್ಟಕ್ಕೆ ಹೋಗುವುದಿಲ್ಲ. ಕಡಿದ ಬೊಡ್ಡೆ ಮತ್ತೆ ಚಿಗುರುತ್ತದೆ. ಹಂತಹಂತವಾಗಿ ಬೇರುಸಹಿತ ಕೀಳಬೇಕು, ಆ ಜಾಗಕ್ಕೆ ಜಾಲಿ, ಲಂಟಾನ ನುಗ್ಗದಂತೆ ಕಾಯಬೇಕು, ಉಳಿದಂತೆ ಏನನ್ನೂ ನೆಡದೆ ಬಿಡಬೇಕು. ಕಷ್ಟ ಇರುವುದು ಈ ಕೊನೆಯದರಲ್ಲೇ. ಸಸಿ ನೆಡಲು ಅನುದಾನವುಂಟು, ಗುರಿಯುಂಟು, ಫೋಟೋ ಉಂಟು. ನೆಡದೆ ಇದ್ದದ್ದಕ್ಕೆ ಯಾವ ಬಾಬ್ತಿನಲ್ಲಿ ಬಿಲ್ಲು ಬರೆಯುವುದು?